ಎದೆಗೆ ತಂತಿ ಹಾಕಿಸಿಕೊಂಡು ಬಂದದ್ದು

ಸಾಗರದಿಂದ ಹೊರಡುವ ಮುನ್ನ

ನಾನು ಇಂಗ್ಲೆಂಡಿನಿಂದ ಬಂದು ತಿಂಗಳಾಯಿತು. ನಮ್ಮ ಮಹಿಳಾ ಸಮಾಜದ ಗೆಳತಿಯರು ಪ್ರವಾಸದ ಬಗ್ಗೆ ಬರೆದುಕೊಡು ಎಂದು ಬೆನ್ನು ಹತ್ತಿದ್ದಾರೆ. ರಾಣಿಯ ಅರಮನೆ ನೋಡಿದ್ಯಾ, ಹಿಮ ಬೀಳೋದು ನೋಡಿದ್ಯಾ ಎಂದು ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆ. ಅರಮನೆ ನೋಡಲಿಲ್ಲ. ಹಿಮವನ್ನು ಆಸ್ಪತ್ರೆಯ ಕಿಟಕಿಯಿಂದ ನೋಡಿದೆ, ಅದೂ ಅರ್ಧ ಕಿಟಕಿಯಿಂದ, ಇನ್ನರ್ಧಕ್ಕೆ ಪರದೆ ಎಳೆದಿದ್ದರು. ನಾನು ಚೆನ್ನಾಗಿ ನೋಡಿದ್ದು ಒಂದು ವಾರ್ಡನ್ನು ಮತ್ತು ಇಷ್ಟು ವರ್ಷ ಸಂಸಾರ ಮಾಡಿದ ನನ್ನ ಗಂಡನನ್ನು. ಬರೆಯುವುದಾದರೆ ಅದನ್ನೇ ಬರೆಯುತ್ತೇನೆ, ಸಿಟ್ಟಿನಲ್ಲೇ ಬರೆಯುತ್ತೇನೆ. ಓದಿ ಮುಖ ಗಂಟು ಹಾಕಿಕೊಂಡರೆ ನಾನು ಹೊಣೆಯಲ್ಲ.

ನನ್ನದು ನಿಂತಲ್ಲೇ ಬೀಳುವ ಕಾಯಿಲೆ. ಕಣ್ಣು ಕತ್ತಲೆ ಬರುತ್ತಿತ್ತು, ಬೀಳುತ್ತಿದ್ದೆ. ಅರೆಗಳಿಗೆಯಲ್ಲಿ ಎಚ್ಚರವಾಗಿ ಮುಖವೆಲ್ಲ ಬಿಸಿಯಾಗುತ್ತಿತ್ತು. ಮೊದಲ ಸಲ ಬಿದ್ದದ್ದು ಸಾಗರದ ಸಂತೆಯಲ್ಲಿ. ಕಣ್ಣು ಬಿಟ್ಟಾಗ ನನ್ನ ಕೈಯಲ್ಲಿ ಯಾರದೋ ಬೀಗದ ಕೈಗಳ ಗೊಂಚಲು, ಮೂಗಿನ ಹತ್ತಿರ ಜಜ್ಜಿದ ಈರುಳ್ಳಿ. ಇದು ಮೂರ್ಛೆ ರೋಗ ಎಂದು ಸಂತೆಯೇ ತೀರ್ಮಾನ ಮಾಡಿಬಿಟ್ಟಿತ್ತು. ಹೊಸನಗರದಲ್ಲಿರುವ ನಮ್ಮ ಅತ್ತೆ ಗಾಳಿ ಸೋಕಿದೆ ಎಂದರು, ವರದಹಳ್ಳಿಯ ಆಶ್ರಮಕ್ಕೆ ಹೋಗಿ ನಾಲ್ಕು ದಿನ ಇದ್ದು ಬಾ ಎಂದರು. ಹೋದೆ. ಅಲ್ಲಿನ ತಂಪಿಗೂ ನೆಮ್ಮದಿಗೂ ನನ್ನ ತಕರಾರಿಲ್ಲ. ಆದರೆ ಮೆಟ್ಟಿಲಿಳಿದು ಬರುವಾಗ ಮತ್ತೆ ಬಿದ್ದೆ. ಇಷ್ಟೆಲ್ಲ ಜನರಲ್ಲಿ ಒಬ್ಬರಿಗೂ ನನ್ನ ಕೈ ಹಿಡಿದು ನಾಡಿ ಎಣಿಸಬೇಕು ಎಂದು ತೋಚಲಿಲ್ಲವಲ್ಲ!

ಕೊನೆಗೆ ಎಣಿಸಿದವರು ತೀರ್ಥಹಳ್ಳಿಯ ಒಬ್ಬ ವಯಸ್ಸಾದ ಡಾಕ್ಟರು. ತಂಗಿಯ ಮಗನ ಉಪನಯನಕ್ಕೆ ಹೋದಾಗ ಊಟದ ಪಂಕ್ತಿಯಲ್ಲೇ ಬಿದ್ದಿದ್ದೆ. ಅವರು ಗಡಿಯಾರ ನೋಡುತ್ತ ನನ್ನ ಕೈ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಎದ್ದು ಜಗಲಿಗೆ ಹೋಗಿ ನಮ್ಮನೆಯವರನ್ನು ಕರೆದು ಏನೋ ಹೇಳಿದರು. ನಾಡಿ ನನ್ನದು, ಸುದ್ದಿ ಜಗಲಿಗೆ!

“ಎಂತ ಅಂದ್ರು?” ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ.

“ಎಂತ ಇಲ್ಲ. ನಿನ್ನ ನಾಡಿ ಸ್ವಲ್ಪ ನಿಧಾನ ಅಂತೆ.”

“ಸ್ವಲ್ಪ ಅಂದ್ರೆ?”

“ಬೇರೆಯವ್ರಿಗೆ ಎರಡು ಸಲ ಹೊಡ್ಕೊಳ್ಳೋ ಹೊತ್ತಿಗೆ ನಿಂಗೆ ಒಂದ್ಸಲ ಹೊಡ್ಕೊಳ್ತದೆ. ಅಷ್ಟೇ.”

ಅಷ್ಟೇಯಂತೆ! ಅರ್ಧ ಎದೆ ಕೆಲಸ ನಿಲ್ಲಿಸಿದರೆ ಅದು ಸ್ವಲ್ಪವಂತೆ. ನಮ್ಮನೆಯವರು ಶರಾವತಿ ಅಣೆಕಟ್ಟಿನ ಕೆಲಸದಲ್ಲಿ ಇಂಜಿನಿಯರು. ಮಾತೆಲ್ಲ ಕರೆಂಟಿನ ಲೆಕ್ಕದಲ್ಲೇ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಒಂದು ಲೈನು ಬರುತ್ತದೆ, ನನ್ನದು ನಡುವೆ ಕಟ್ಟಾಗಿದೆ, ಹೊರಗಿನಿಂದ ಕರೆಂಟು ಕೊಟ್ಟರೆ ಸರಿಹೋಗುತ್ತದೆ ಎಂದು ವಿವರಿಸಿದರು. ಬೇಜಾರಿನ ಸುದ್ದಿಯನ್ನು ನನ್ನಿಂದ ಮುಚ್ಚಿಡುವುದು ಅವರಿಗೆ ಹೊಸದಲ್ಲ. ಬ್ಯಾಕೋಡಿನ ಕಡೆಯ ನನ್ನ ತವರುಮನೆ ಮುಳುಗಿದ್ದು ಅದೇ ಅಣೆಕಟ್ಟಿನ ನೀರಿನಲ್ಲಿ. ಮುಳುಗುವ ಊರುಗಳ ನಕ್ಷೆ ತಿಂಗಳುಗಟ್ಟಲೆ ಇವರ ಮೇಜಿನ ಮೇಲಿತ್ತು. ನನಗೆ ಗೊತ್ತಾದದ್ದು ಅಣ್ಣ ಬಂದು ಅತ್ತಾಗ. ನಿಂಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ ಎಂದಿದ್ದರು. ಅದನ್ನು ನಾನು ಇನ್ನೂ ನುಂಗಿಕೊಂಡಿಲ್ಲ.

ಬೊಂಬಾಯಿ, ಆಮೇಲೆ ಆಕಾಶ

ಇವರಿಗೆ ಯಂತ್ರಗಳನ್ನು ನೋಡಿಕೊಂಡು ಬರಲು ಇಂಗ್ಲೆಂಡಿಗೆ ಹೋಗುವ ಕೆಲಸ ಬಿತ್ತು. ಬೊಂಬಾಯಿಯ ಹೃದಯದ ಡಾಕ್ಟರಿಗೆ ತೋರಿಸಿದಾಗ, ಎದೆಗೆ ಕರೆಂಟು ಕೊಡುವ ಡಬ್ಬಿ ಈಗ ಬಂದಿದೆ, ನಮ್ಮ ದೇಶದಲ್ಲಿ ಅದನ್ನು ಹಾಕಿ ಪಳಗಿದವರು ಇನ್ನೂ ಕಡಿಮೆ, ಹೇಗೂ ಹೋಗುತ್ತಿದ್ದೀರಿ, ಅಲ್ಲೇ ಹಾಕಿಸಿಕೊಳ್ಳಿ ಎಂದರು. ಅಲ್ಲಿಯ ತನಕ ತಳ್ಳಲು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಕೊಟ್ಟರು. ಅದನ್ನು ಇಟ್ಟುಕೊಂಡರೆ ಎದೆ ಡಬಡಬ ಎನ್ನುತ್ತಿತ್ತು, ಕೈ ನಡುಗುತ್ತಿತ್ತು.

ವಿಮಾನ ಏಳುವಾಗ ಒಬ್ಬ ಹುಡುಗಿ ತಟ್ಟೆಯಲ್ಲಿ ಪೆಪ್ಪರಮೆಂಟು ತಂದು ಕೊಟ್ಟಳು, ಕಿವಿ ಕಟ್ಟಬಾರದು ಎಂದು. ನಾನು ರೂಢಿಯ ಮೇಲೆ ನಾಲಿಗೆಯ ಕೆಳಗಿಟ್ಟುಕೊಂಡು ಕಣ್ಣು ಮುಚ್ಚಿದೆ. ಇವರು ಅದನ್ನು ನೋಡಿ, ಮಾತ್ರೆ ತೆಗೆದುಕೊಂಡಳು, ಏನೋ ಆಗುತ್ತಿದೆ ಎಂದು ಹೆದರಿ ನನ್ನ ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದರು. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಬೆವರಿದರು. ಬಾಯಿ ಬಿಟ್ಟು ಪೆಪ್ಪರಮೆಂಟು ತೋರಿಸಿದ ಮೇಲೆಯೇ ಕೈ ಬಿಟ್ಟದ್ದು. ಎಂತದು ಎಂದು ಮೊದಲೇ ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ನನ್ನ ಮೈಯ ವಿಷಯದಲ್ಲಿ ನನ್ನನ್ನು ಬಿಟ್ಟು ಇನ್ನೆಲ್ಲವನ್ನೂ ಕೇಳುವ ಚಾಳಿ ನಮ್ಮ ಕಡೆಯವರಿಗೆ ಇದೆ. ಇಂಗ್ಲೆಂಡಿನವರಿಗೂ ಇದೆ ಎಂದು ಆಮೇಲೆ ಗೊತ್ತಾಯಿತು.

ಕಾರ್ಖಾನೆ ಊರು

ಊರಿನ ಹೆಸರು ಬರೆಯುವುದಿಲ್ಲ. ಹೊಗೆಗೊಳವೆಗಳ ಊರು ಎಂದಿಟ್ಟುಕೊಳ್ಳಿ. ಅಲ್ಲಿ ಮೊದಲು ಒಂದು ವಾರ ಒಬ್ಬ ವಿಧವೆಯ ಮನೆಯ ಮಾಳಿಗೆಯಲ್ಲಿ ಇದ್ದೆವು. ಆಕೆ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಹೊರಗೆ ನೋಡಿ ಇವತ್ತು ಮೋಡ ಎನ್ನುತ್ತಿದ್ದಳು. ನಾನೂ ನೋಡಿ ಹೌದು ಮೋಡ ಎನ್ನಬೇಕು. ದಿನಾ ಇದೇ. ಬಸ್ಸಿಗೆ ಜನ ಸಾಲಾಗಿ ನಿಲ್ಲುತ್ತಾರೆ. ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವ ನಮಗೆ ಇದು ದೊಡ್ಡ ಸೋಜಿಗ. ಪಕ್ಕದಲ್ಲಿ ಕೂತವರು ಎಲ್ಲಿಗೆ, ಯಾರ ಮನೆ, ಮಕ್ಕಳೆಷ್ಟು ಎಂದು ಏನನ್ನೂ ಕೇಳುವುದಿಲ್ಲ. ಮೊದಲ ದಿನ ಈ ಜನ ಮರ್ಯಾದಸ್ಥರು ಎನ್ನಿಸಿತು. ನಾಲ್ಕನೆಯ ದಿನ ಯಾರಾದರೂ ಒಬ್ಬರು ಕೇಳಬಾರದೇ ಎಂದು ಬಾಯಿ ತುರಿಸತೊಡಗಿತು.

ಆಸ್ಪತ್ರೆಯಲ್ಲಿ ಇದು ಇನ್ನೂ ಜಾಸ್ತಿ. ತೀರ್ಥಹಳ್ಳಿಯಲ್ಲಾಗಲಿ ಸಾಗರದಲ್ಲಾಗಲಿ ಒಬ್ಬರು ಆಸ್ಪತ್ರೆ ಸೇರಿದರೆ ಮಂಚದ ಸುತ್ತ ಮನೆಯೇ ಬಂದು ಕೂತಿರುತ್ತದೆ. ಗಂಜಿ ತರುವವರು ಒಬ್ಬರು, ಗಂಜಿ ಸರಿ ಇಲ್ಲ ಎನ್ನುವವರು ಇನ್ನೊಬ್ಬರು. ಅಲ್ಲಿ ಮಧ್ಯಾಹ್ನ ಒಂದು ಗಂಟೆ ಹೊತ್ತು ಗಂಡನನ್ನು ಒಳಗೆ ಬಿಡುತ್ತಾರೆ, ಗಂಟೆ ಬಾರಿಸಿದ ಮೇಲೆ ಕಳಿಸಿಬಿಡುತ್ತಾರೆ. ಬಿಳಿ ಹಾಸಿಗೆ, ಬಿಳಿ ಗೋಡೆ, ಪಿಸುಮಾತು. ಕೆಮ್ಮಿದರೂ ಕ್ಷಮಿಸಿ ಎನ್ನಬೇಕು.

ಇನ್ನೊಂದು ಸೋಜಿಗ ಹೇಳಬೇಕು. ಆ ದೇಶದಲ್ಲಿ ಮೈ ಕೊಯ್ಯುವ ಡಾಕ್ಟರನ್ನು ಡಾಕ್ಟರ್ ಎನ್ನುವಂತಿಲ್ಲ, ಮಿಸ್ಟರ್ ಎನ್ನಬೇಕು. ನಮ್ಮಲ್ಲಿ ಕಾಂಪೌಂಡರನ್ನೂ ಡಾಕ್ಟ್ರೇ ಎನ್ನುತ್ತೇವೆ, ಅವರಲ್ಲಿ ಎಲ್ಲರಿಗಿಂತ ದೊಡ್ಡವರಿಗೇ ಆ ಮರ್ಯಾದೆ ಇಲ್ಲ. ವಾರ್ಡಿನ ಹಿರಿಯ ನರ್ಸು, ಸಿಸ್ಟರ್ ಎಂದು ಕರೆಸಿಕೊಳ್ಳುವಾಕೆ, ಮೊದಲ ದಿನವೇ ನನ್ನನ್ನು ತಿದ್ದಿದಳು. ಅಂದಿನಿಂದ ನಾನು ಆ ಸರ್ಜನ್ನನಿಗೆ ಮನಸ್ಸಿನಲ್ಲಿ ದೊಡ್ಡ ಮಿಸ್ಟರ್ ಎಂದು ಹೆಸರಿಟ್ಟೆ. ಎತ್ತರದ ಆಸಾಮಿ. ಮಾತಾಡುವಾಗ ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತಿದ್ದ.

ಪಕ್ಕದ ಮಂಚ

ನನ್ನ ಪಕ್ಕದ ಮಂಚದಲ್ಲಿದ್ದವರು ಮಿಸೆಸ್ ಹಾಬ್ಸ್, ಬಸ್ ಓಡಿಸುತ್ತಿದ್ದವನ ವಿಧವೆ. ಎಲ್ಲರನ್ನೂ ಲವ್ ಎಂದು ಕರೆಯುತ್ತಿದ್ದರು. ನನ್ನನ್ನೂ ಹಾಗೆ ಕರೆದಾಗ ಸೆರಗು ಸರಿಮಾಡಿಕೊಂಡೆ. ಅವರಿಗೂ ನನ್ನದೇ ಕಾಯಿಲೆ, ಅದಕ್ಕಿರುವ ಎರಡು ದಾರಿಯನ್ನೂ ನಡೆದು ಬಂದವರು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

“ಮೊದಲು ಕತ್ತಿನ ರಕ್ತನಾಳದಿಂದ ತಂತಿ ಇಳಿಸಿದರು. ಎಚ್ಚರವಾಗಿಯೇ ಇದ್ದೆ, ಏನೂ ಗೊತ್ತಾಗಲಿಲ್ಲ. ತಂತಿಯ ತುದಿ ಹೃದಯದ ಒಳಗೆ ತಾಗಿಕೊಂಡಿರುತ್ತದೆ, ಅಷ್ಟೆ. ಹೊಲಿಗೆ ಗಿಲಿಗೆ ಇಲ್ಲ. ನನ್ನದು ಸರಿಯಿತು. ಸರಿದದ್ದು ಎದೆಗೂ ಹೊಟ್ಟೆಗೂ ನಡುವಿನ ಪೊರೆಗೆ ಕರೆಂಟು ಕೊಡತೊಡಗಿತು. ಎರಡು ದಿನ ಬಿಡದೆ ಬಿಕ್ಕಳಿಕೆ, ಲವ್.”

“ಆಮೇಲೆ?”

“ಆಮೇಲೆ ಎದೆ ಸೀಳಿ ತಂತಿಯನ್ನು ಹೃದಯಕ್ಕೇ ಹೊಲಿದರು. ಡಬ್ಬಿಯನ್ನು ಹೊಟ್ಟೆಯ ಚರ್ಮದ ಕೆಳಗೆ ಇಟ್ಟರು. ಗಟ್ಟಿ ಕೆಲಸ, ಅದು ಸರಿಯುವುದಿಲ್ಲ. ಆದರೆ ಗಾಯ ಕೀವಾಗಿ ನಾನಿನ್ನೂ ಇಲ್ಲೇ ಇದ್ದೇನೆ ನೋಡು.” ಅವರು ಮೂಲೆಯ ಖಾಲಿ ಮಂಚದ ಕಡೆ ಸೂಜಿ ತೋರಿಸಿದರು. ಅವರ ಕೈಯಲ್ಲಿ ಯಾವಾಗಲೂ ಉಲ್ಲನ್ ಹೆಣಿಗೆ. “ಅವಳೂ ಎದೆ ಹೊಲಿಸಿಕೊಳ್ಳಲು ಹೋದಳು. ವಾಪಸು ಬರಲಿಲ್ಲ.”

ಆ ದಿನ ನನಗೆ ಅನ್ನ ಸೇರಲಿಲ್ಲ. ಅನ್ನ ಎಲ್ಲಿಂದ ಬರಬೇಕು, ಬೇಯಿಸಿದ ಆಲೂಗಡ್ಡೆ ಸೇರಲಿಲ್ಲ ಎನ್ನಬೇಕು.

ಮಾರನೆಯ ದಿನ ಮುಖದ ತುಂಬ ಮಚ್ಚೆಗಳಿದ್ದ ಒಬ್ಬ ಚಿಕ್ಕ ಪ್ರಾಯದ ಡಾಕ್ಟರು ನಾಡಿ ನೋಡಲು ಬಂದರು. ಎರಡರಲ್ಲಿ ಯಾವುದರಲ್ಲಿ ಹೆಚ್ಚು ಜನ ಸಾಯುತ್ತಾರೆ ಎಂದು ನೇರವಾಗಿ ಕೇಳಿದೆ. ಪಾಪ, ಕೆಂಪಾದರು. ಆದರೆ ಸುಳ್ಳು ಹೇಳಲಿಲ್ಲ. ಎದೆ ತೆರೆದಾಗ ಸಾಯುವುದು ಹೆಚ್ಚು, ಕತ್ತಿನಿಂದ ಇಳಿಸಿದಾಗ ಮತ್ತೆ ಮತ್ತೆ ಸರಿಮಾಡಬೇಕಾಗುವುದು ಹೆಚ್ಚು ಎಂದರು. ಯಾವ ದಾರಿಯಾದರೂ ಬ್ಯಾಟರಿ ಎರಡು ವರ್ಷ ಬರಬಹುದು, ಆಮೇಲೆ ಚರ್ಮ ಕೊಯ್ದು ಡಬ್ಬಿ ಬದಲಾಯಿಸಬೇಕು ಎಂದರು. ಹೊಸ ತರಹದ ಡಬ್ಬಿಯ ಸುದ್ದಿಯನ್ನೂ ಹೇಳಿದರು. ಈ ಆಸ್ಪತ್ರೆಯಲ್ಲಿ ಹಾಕುವುದು ನಿಮಿಷಕ್ಕೆ ಒಂದೇ ಸಮ ಎಪ್ಪತ್ತು ಸಲ ಬಡಿಸುವ ಡಬ್ಬಿ, ಹೃದಯ ಏನೇ ಮಾಡುತ್ತಿರಲಿ ಅದಕ್ಕೆ ಲೆಕ್ಕವಿಲ್ಲ. ಹೊಸದು ಹಾಗಲ್ಲವಂತೆ. ಅದು ಮೊದಲು ಹೃದಯದ ಮಾತು ಕೇಳಿಸಿಕೊಳ್ಳುತ್ತದೆ, ಹೃದಯ ತಾನೇ ಬಡಿದರೆ ಸುಮ್ಮನಿರುತ್ತದೆ, ಬಡಿಯದಿದ್ದರೆ ಮಾತ್ರ ತಾನು ಬಡಿಸುತ್ತದೆ. ಮೊದಲು ಕೇಳಿಸಿಕೊಂಡು ಆಮೇಲೆ ಬಾಯಿ ಹಾಕುವ ಗಂಡಸನ್ನು ನಾನು ಮೂರು ತಾಲೂಕಿನಲ್ಲಿ ನೋಡಿಲ್ಲ, ಅಂಥ ಯಂತ್ರ ಮಾಡಿಬಿಟ್ಟಿದ್ದಾರೆ. ನನಗೆ ಅದೇ ಬೇಕಿತ್ತು. ಈ ಊರಿಗೆ ಇನ್ನೂ ಬಂದಿಲ್ಲ ಎಂದರು.

ಮಧ್ಯಾಹ್ನ ಬಂದ ನಮ್ಮನೆಯವರಿಗೆ ಇದನ್ನೆಲ್ಲ ಹೇಳಿ, ಕತ್ತಿನದೇ ಸಾಕು ಎಂದೆ.

“ತಂತಿ ಸುಮ್ನೆ ತಾಗ್ಕೊಂಡಿರೋದು ಅಂದ್ರೆ ಲೂಸ್ ಕನೆಕ್ಷನ್ ಅಂತ ಅರ್ಥ,” ಎಂದರು. “ಹೊಲಿದದ್ದು ಹೊಲಿದ ಹಾಂಗೆ ಇರ್ತದೆ.”

“ಹೊಲ್ಯಕ್ಕೆ ಹೋಗಿ ನಾನೇ ಇರದಿದ್ರೆ?”

“ನಿಂಗೆ ಇದೆಲ್ಲ ಗೊತ್ತಾಗಲ್ಲ. ನಾನು ಸರ್ಜನ್ ಹತ್ರ ಮಾತಾಡ್ತೀನಿ, ನೀ ಆರಾಮಿರು.”

ಅವರಿಬ್ಬರೂ ವಾರ್ಡಿನ ಬಾಗಿಲಲ್ಲಿ ನಿಂತು ಮಾತಾಡುವುದು ನನಗೆ ಕಾಣುತ್ತಿತ್ತು. ಇವರು ಕೈಯಲ್ಲಿ ಗಾಳಿಯ ಮೇಲೆ ತಂತಿ ಎಳೆದು ತೋರಿಸುತ್ತಿದ್ದರು. ದೊಡ್ಡ ಮಿಸ್ಟರ್ ತಲೆಯಾಡಿಸುತ್ತಿದ್ದ. ಪವರ್ ಹೌಸಿನ ರಿಪೇರಿಯ ಮಾತಿನ ಹಾಗಿತ್ತು. ಆ ಪವರ್ ಹೌಸು ಮಂಚದ ಮೇಲೆ ಆಲೂಗಡ್ಡೆಯ ತಟ್ಟೆ ಹಿಡಿದುಕೊಂಡು ಕೂತಿತ್ತು.

ಮಂಗಳವಾರ

ಅಂದು ಏಕಾದಶಿ. ಪಂಚಾಂಗವನ್ನು ಪೆಟ್ಟಿಗೆಯಲ್ಲಿ ತಂದಿದ್ದೆ. ಬೆಳಿಗ್ಗೆ ಬ್ರೆಡ್ಡು ಬೇಡ ಎಂದೆ, ಸಿಸ್ಟರ್ ಮುಖ ಸಣ್ಣದು ಮಾಡಿಕೊಂಡಳು. ಮಧ್ಯಾಹ್ನ ಇವರು ಬಂದು ಕುರ್ಚಿಯಲ್ಲಿ ಕೂತರು. ಶಾಲು ತೆಗೆದುಕೊಳ್ಳಲು ಎದ್ದೆ, ಕತ್ತಲೆ ಬಂತು.

ಕಣ್ಣು ಬಿಟ್ಟಾಗ ಮಂಚದ ಮೇಲಿದ್ದೆ. ಸಿಸ್ಟರ್ ಇದ್ದಳು, ದೊಡ್ಡ ಮಿಸ್ಟರನ ಸಹಾಯಕ ಇದ್ದ, ಇವರು ಕಾಲಿನ ಹತ್ತಿರ ನಿಂತಿದ್ದರು. ಎಚ್ಚರ ತಪ್ಪಿ ಎದ್ದವರ ತಲೆ ನೆಟ್ಟಗಿದೆಯೇ ಎಂದು ತಿಳಿಯಲು ಅವರು ಒಂದಷ್ಟು ಪ್ರಶ್ನೆ ಕೇಳುತ್ತಾರಂತೆ.

ನಿಮ್ಮ ಹೆಸರೇನು? ಶಾರದಾ ಎಂದೆ. ಇವತ್ತು ಯಾವ ದಿನ? ಮೊದಲು ಬಾಯಿಗೆ ಬಂದದ್ದು ಏಕಾದಶಿ, ಅದನ್ನೇ ಹೇಳಿದೆ. ಸಹಾಯಕನು ಸಿಸ್ಟರಿನ ಮುಖ ನೋಡಿದ. ಇಲ್ಲಿ ನಿಂತಿರುವವರು ಯಾರು? ನನ್ನ ಮಗಳು ಸುಮತಿಯ ತಂದೆ ಎಂದೆ. ಅಂದರೆ ನಿಮ್ಮ ಗಂಡನೇ? ಹೌದು. ಅವರ ಹೆಸರೇನು?

ನಾನು ಸುಮ್ಮನಾದೆ.

ಓದುವವರಲ್ಲಿ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅಮ್ಮ ಹೇಳಿದ್ದಳು, ಅತ್ತೆಯೂ ಹೇಳಿದ್ದರು. ನಾನು ಎಸ್.ಎಸ್.ಎಲ್.ಸಿ. ಪಾಸಾದವಳು, ಪೇಪರ್ ಓದುವವಳು, ಇಂಥದ್ದಕ್ಕೆಲ್ಲ ಸಮಾಜದ ಸಭೆಯಲ್ಲಿ ನಕ್ಕವಳು. ಆದರೂ ಆ ಮಾತು ಗಂಟಲಿನಿಂದ ಮೇಲೆ ಬರುವುದಿಲ್ಲ, ಏನು ಮಾಡಲಿ? ಊರಿನಲ್ಲಿ ಯಾರಾದರೂ ಪಟ್ಟು ಹಿಡಿದರೆ ಸುಳಿವು ಕೊಡುತ್ತೇವೆ, ಕೇಳಿದವರೇ ಹೆಸರು ಊಹಿಸಿಕೊಳ್ಳುತ್ತಾರೆ. ಅಲ್ಲಿಯೂ ಹಾಗೆಯೇ ಮಾಡಿದೆ. ಇಂಗ್ಲಿಷಿನಲ್ಲಿ, ತಂದೆಯ ಮಾತಿಗೆ ಕಾಡಿಗೆ ಹೋದ ರಾಜ ಎಂದೆ. ನಗುತ್ತಲೇ ಹೇಳಿದೆ, ನಾಚಿಕೆಯೂ ಆಯಿತು.

“ಯಾವ ರಾಜ?” ಎಂದ ಸಹಾಯಕ.

“ಅವನ ಹೆಂಡತಿಯನ್ನು ರಾಕ್ಷಸ ಕದ್ದುಕೊಂಡು ಹೋದ,” ಎಂದೆ, ಇನ್ನೂ ಸುಲಭವಾಗಲಿ ಎಂದು.

ಸಿಸ್ಟರ್ ನನ್ನ ಕೈ ಸವರಿ, ಸರಿ ಸರಿ, ಮಲಗು ಎಂದಳು. ಕಾಲಿನ ಹತ್ತಿರ ನಿಂತವರು ಏನಾದರೂ ಹೇಳುತ್ತಾರೆ ಎಂದುಕೊಂಡೆ. ಕಣ್ಣು ಮುಚ್ಚಿಕೊಂಡೆ.

ಬುಧವಾರ

ಬೆಳಗಿನಿಂದ ಸಿಸ್ಟರಿನ ದನಿಯೇ ಬೇರೆ. ಈ ನೀರು ಕುಡಿಯೋಣವೇ, ಈಗ ತಲೆ ಬಾಚೋಣವೇ ಎಂದು ಮೂರು ವರ್ಷದ ಮಗುವಿಗೆ ಹೇಳುವ ಹಾಗೆ. ಟೀ ತಂದವಳೂ ಗಟ್ಟಿಯಾಗಿ, ಒಂದೊಂದೇ ಶಬ್ದ ಬಿಡಿಸಿ ಮಾತಾಡಿದಳು. ನನಗೆ ಕಿವಿ ಕೆಟ್ಟಿದೆ ಎಂದುಕೊಂಡರೋ ಏನೋ ಎಂದು ಮಿಸೆಸ್ ಹಾಬ್ಸ್ ಅವರನ್ನು ಕೇಳಿದೆ.

ಅವರು ಹೆಣಿಗೆ ಕೆಳಗಿಟ್ಟರು. “ನಿನ್ನ ಮೆದುಳಿಗೆ ರಕ್ತ ಸಾಲದೆ ಬುದ್ಧಿ ಮಂಕಾಗಿದೆ ಎಂದು ಮಾತಾಡಿಕೊಳ್ಳುತ್ತಿದ್ದರು, ಲವ್. ರಾಜ ರಾಕ್ಷಸ ಎಂದು ಏನೋ ಬಡಬಡಿಸಿದೆಯಂತೆ. ನಿನ್ನ ಗಂಡನನ್ನು ಕೇಳಿ ನಾಳೆ ಎದೆ ತೆರೆಯುತ್ತಾರೆ. ನಿನಗೆ ಯಾರೂ ಹೇಳಲಿಲ್ಲವೇ?”

ನಾನು ನಡೆದದ್ದನ್ನೆಲ್ಲ ಹೇಳಿದೆ, ಆಯಸ್ಸಿನ ಮಾತನ್ನೂ. ಅವರು ಬಾಯಿ ತೆರೆದು ಕೇಳಿದರು. “ನಾನು ನನ್ನ ಗಂಡನನ್ನು ಆರ್ಥರ್, ಆರ್ಥರ್ ಎಂದು ದಿನಕ್ಕೆ ನೂರು ಸಲ ಕಿರುಚಿ ಕರೆದವಳು. ಎಂಬತ್ತು ದಾಟಿಯೇ ಹೋದ ಆ ಮುದುಕ,” ಎಂದರು. ಆಮೇಲೆ, “ಹೋಗಲಿ, ನಿನ್ನ ಗಂಡನಿಗೆ ಇದು ಗೊತ್ತಿದೆ ತಾನೆ? ಆತ ಡಾಕ್ಟರುಗಳಿಗೆ ತಿಳಿಸಬಹುದಿತ್ತಲ್ಲ?” ಎಂದರು.

ಇವರು ಬೇಕೆಂದೇ ಸುಮ್ಮನಿದ್ದರು ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಮೈ ಉರಿಯಿತು. ಗೊತ್ತಿಲ್ಲದೆ ಏನು! ಮದುವೆಯಾದಂದಿನಿಂದ ನಾನು ಹೆಸರು ಹೇಳದ್ದು ಅವರಿಗೆ ಗೊತ್ತು. ಕಾಡಿಗೆ ಹೋದ ರಾಜ ಯಾರು ಎಂದೂ ಗೊತ್ತು. ಒಂದೇ ಒಂದು ಮಾತು, ಇದು ನಮ್ಮ ಕಡೆಯ ಪದ್ಧತಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನನ್ನ ತಲೆ ಕೆಟ್ಟಿದೆ ಎಂದು ನಾಲ್ಕು ಜನ ತಿಳಿದುಕೊಳ್ಳಲಿ ಎಂದು ಬಿಟ್ಟರು, ಯಾಕೆಂದರೆ ತಲೆ ಕೆಟ್ಟವಳ ಒಪ್ಪಿಗೆ ಬೇಕಾಗಿಲ್ಲ. ತವರು ಮುಳುಗಿಸಿದಾಗಲೂ ಹೀಗೆಯೇ ಸುಮ್ಮನಿದ್ದವರು. ಈಗ ನನ್ನ ಎದೆ.

ಹತ್ತು ಗಂಟೆಗೆ ದೊಡ್ಡ ಮಿಸ್ಟರ್ ತನ್ನ ಹಿಂಡು ಕಟ್ಟಿಕೊಂಡು ಬಂದ. ಒಪ್ಪಿಗೆ ಕೊಡಲು ಇವರನ್ನೂ ಕರೆಸಿದ್ದರು. ಇವರು ನನ್ನ ಮುಖ ನೋಡದೆ ಬಂದು ನಿಂತರು. ದೊಡ್ಡ ಮಿಸ್ಟರ್ ಇವರಿಗೆ ನಾಳೆಯ ವಿವರ ಹೇಳತೊಡಗಿದ. ನಾನು ನಡುವೆ ಬಾಯಿ ಹಾಕಿದೆ, ಕನ್ನಡದಲ್ಲಿ, ಇವರಿಗೆ.

“ನಾನು ಯಾಕೆ ಹೆಸ್ರು ಹೇಳ್ಲಿಲ್ಲ ಅಂತ ನಿಮಗೆ ಗೊತ್ತಿಲ್ವಾ?”

“ಈಗ ಅದೆಲ್ಲ ಯಾಕೆ? ಸುಮ್ನಿರು.”

“ಗೊತ್ತಿತ್ತೋ ಇಲ್ವೋ?”

“ಗೊತ್ತಿತ್ತು.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?”

ಇವರು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. “ಸಾಗರಕ್ಕೆ ಹೋದ ಮೇಲೆ ತಂತಿ ಜಾರಿದ್ರೆ ಯಾರಿದ್ದಾರೆ ಮಾರಾಯ್ತಿ? ಯಾರಿಗೆ ತೋರ್ಸ್ಲಿ? ನೀನು ಕಣ್ಣೆದುರೇ ಹೋಗ್ತೀಯ, ನಾನು ನೋಡ್ತಾ ಕೂರ್ಬೇಕು. ನಿನ್ನ ಕೇಳಿದ್ರೆ ನೀನು ಒಪ್ತಿರ್ಲಿಲ್ಲ.”

“ಒಪ್ಪಲ್ಲ ಅಂತ ಗೊತ್ತಿದ್ದಕ್ಕೇ ಕೇಳ್ಲಿಲ್ಲ!”

ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಲು ಬಂದಳು. ಮಂಕಾದ ಬುದ್ಧಿ ಕೆರಳಿತು ಎಂದುಕೊಂಡಳು. ನನಗೆ ಬೇರೆ ದಾರಿ ಉಳಿದಿರಲಿಲ್ಲ. ಕತ್ತಿನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಇವರ ಬೂಟು ನೋಡಿದೆ, ಮುಖ ನೋಡಿದರೆ ಆಗುತ್ತಿರಲಿಲ್ಲ. ಎರಡು ಸಲ ಬಾಯಿ ತೆರೆದರೂ ಬರೀ ಗಾಳಿ ಬಂತು.

“ರಾಮಚಂದ್ರ,” ಎಂದೆ. ಒಮ್ಮೆ ಬಂದ ಮೇಲೆ ಗಟ್ಟಿಯಾಗಿಯೇ ಬಂತು, ವಾರ್ಡಿಗೆಲ್ಲ ಕೇಳುವಷ್ಟು. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. “ನನ್ನ ಗಂಡನ ಹೆಸರು ಹೊಸನಗರದ ರಾಮಚಂದ್ರ ರಾವ್. ಕಾಡಿಗೆ ಹೋದ ರಾಜ ರಾಮ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನಿಗೆ ಕೇಡು ಎಂದು ನಂಬಿಕೆ. ನಿನ್ನೆ ಮಂಗಳವಾರ, ಏಕಾದಶಿಯೂ ಹೌದು. ಇವತ್ತು ಬುಧವಾರ. ನನ್ನ ಬುದ್ಧಿ ಸರಿಯಾಗಿದೆ. ಅದು ಸರಿಯಾಗಿದೆ ಎಂದು ಇವರಿಗೂ ಗೊತ್ತಿತ್ತು.”

ಇವರು ಬಿಳಿಚಿಕೊಂಡು ನಿಂತಿದ್ದರು. ದೊಡ್ಡ ಮಿಸ್ಟರ್ ಇವರ ಕಡೆ ತಿರುಗಿ, ಈಕೆ ಹೇಳುವುದು ನಿಜವೇ ಎಂದು ಕೇಳಿದ. ನೋಡಿ! ಗಂಡನ ಆಯಸ್ಸನ್ನು ಪಣಕ್ಕಿಟ್ಟು ಬಾಯಿ ಬಿಟ್ಟರೂ ಅದಕ್ಕೆ ಗಂಡನ ಮೊಹರು ಬೀಳಬೇಕು. ನನಗೆ ಅಳು ಬಂತು. ಸಿಟ್ಟಿನ ಅಳು.

“ನಿಜ,” ಎಂದರು ಇವರು. “ನನ್ನ ತಪ್ಪು. ಅವಳನ್ನೇ ಕೇಳಿ.”

ಆಗ ಆ ಮನುಷ್ಯ ಗೋಡೆ ಬಿಟ್ಟು ನನ್ನ ಮುಖ ನೋಡಿದ, ಮೊದಲ ಸಲ. ಕುರ್ಚಿ ಎಳೆದುಕೊಂಡು ಕೂತ. ಎರಡೂ ದಾರಿಯನ್ನು ನನಗೇ ಬಿಡಿಸಿ ಹೇಳಿದ, ಮಚ್ಚೆ ಮುಖದವರು ಹೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚಿರಲಿಲ್ಲ. ಕೊನೆಗೆ, ನಿಮ್ಮ ಯಜಮಾನರು ಹೇಳುವುದರಲ್ಲಿಯೂ ಅರ್ಥವಿದೆ, ಊರಲ್ಲಿ ತಂತಿ ಜಾರಿದರೆ ಏನು ಮಾಡುತ್ತೀರಿ ಎಂದ.

“ಜಾರಿದರೆ ಬೊಂಬಾಯಿಗೆ ಹೋಗುತ್ತೇನೆ, ದಾರಿಯಲ್ಲಿ ಸತ್ತರೂ ಸಾಯಬಹುದು,” ಎಂದೆ. “ತಂತಿಯನ್ನು ಇನ್ನೊಮ್ಮೆ ಹಾಕಲು ಬರುತ್ತದೆ. ನಾಳೆ ನಿಮ್ಮ ಮೇಜಿನ ಮೇಲೆ ನಾನು ಏಳದಿದ್ದರೆ ಇನ್ನೊಮ್ಮೆ ಏನು ಮಾಡುತ್ತೀರಿ?”

ಆತ, ಕತ್ತಿನದೇ ಮಾಡೋಣ ಎಂದು ಎದ್ದ.

ಎರಡು ಸಲ

ಆ ಸಂಜೆಯೆಲ್ಲ ನನ್ನ ಭಯ ಎದೆಯ ಬಗ್ಗೆ ಇರಲಿಲ್ಲ. ಇವರು ಹೊರಗೆ ಹೋಗುವಾಗ ಒಂದು ಸೀನು ಸೀನಿದ್ದರು. ಹೊರಗೆ ಮಂಜು, ರಸ್ತೆ ಜಾರುತ್ತದೆ, ಅಲ್ಲಿನ ಬಸ್ಸುಗಳು ಸದ್ದಿಲ್ಲದೆ ಬರುತ್ತವೆ. ಹೆಸರು ಹೇಳಿ ಬಿಟ್ಟೆನಲ್ಲ ಎಂದು ಕುಲದೇವರಿಗೆ ಕೈ ಮುಗಿದೆ. ಅವರ ಮೇಲೆ ಕೊತಕೊತ ಕುದಿಯುತ್ತ ಅವರಿಗಾಗಿಯೇ ಬೇಡಿಕೊಂಡೆ. ತಂತಿ ಹಾಕುವ ದಿನವೆಂದು ಬೆಳಿಗ್ಗೆಯೇ ಒಳಗೆ ಬಿಟ್ಟಿದ್ದರು, ಬಾಗಿಲಲ್ಲಿ ಅವರ ಟೋಪಿ ಕಂಡ ಮೇಲೆ ಹೋದ ಜೀವ ಬಂತು, ಸಿಟ್ಟೂ ವಾಪಸು ಬಂತು.

ಮಿಸೆಸ್ ಹಾಬ್ಸ್ ಹೇಳಿದ ಹಾಗೆಯೇ ಆಯಿತು. ಕತ್ತಿನ ಒಂದು ಬದಿಯನ್ನು ಮರಗಟ್ಟಿಸಿ, ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ಪರದೆ ನೋಡುತ್ತ ತಂತಿ ಇಳಿಸಿದರು. ಡಬ್ಬಿಯನ್ನು ಹೆಗಲಿನ ಕೆಳಗೆ ಚರ್ಮದೊಳಗೆ ಇಟ್ಟರು. ಅದು ಶುರುವಾದ ಗಳಿಗೆ ನನಗೆ ಗೊತ್ತಾಯಿತು. ಬೆರಳಿನ ತುದಿಯವರೆಗೆ ಬಿಸಿ ಹರಿಯಿತು. ಎರಡು ವರ್ಷದಿಂದ ನನ್ನ ಕೈ ತಣ್ಣಗಿದ್ದದ್ದು ಬಿಸಿಯಾದ ಮೇಲೆಯೇ ತಿಳಿದದ್ದು.

ನಾಲ್ಕನೆಯ ದಿನ ಹಾಳಾದ ತಂತಿ ಜಾರಿತು. ಬಿಕ್ಕಳಿಕೆ ಬರಲಿಲ್ಲ, ಮತ್ತೆ ಕತ್ತಲೆ ಬಂತು. ಪುಣ್ಯಕ್ಕೆ ಹಾಸಿಗೆಯಲ್ಲೇ ಇದ್ದೆ. ಮಧ್ಯಾಹ್ನ ಇವರು ಬಂದರು. ಲೂಸ್ ಕನೆಕ್ಷನ್ ಎಂದು ಹೇಳಿರಲಿಲ್ಲವೇ ಎಂದು ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಮುಖದ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದಿತ್ತು.

“ಈಗ ಎಂತ ಮಾಡೋದು? ನೀನೇ ಹೇಳು,” ಎಂದರು.

“ಇನ್ನೊಂದ್ಸಲ ಹಾಕ್ಲಿ. ಈ ಸಲ ಸ್ವಲ್ಪ ಒಳಗೆ ಗಟ್ಟಿ ಕೂರಿಸ್ಲಿ ಅಂತ ನೀವೇ ಹೇಳಿ. ಕನೆಕ್ಷನ್ ವಿಷಯ ನಿಮಗೆ ಗೊತ್ತಲ್ಲ.”

ಎರಡನೆಯ ಸಲ ಹಾಕಿದ್ದು ಇವತ್ತಿನವರೆಗೆ ನಿಂತಿದೆ. ಇವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದು ನನಗೂ ಗೊತ್ತು. ನಾಳೆ ಇಲ್ಲಿ ಜಾರಿದರೆ ನನ್ನ ಕಥೆ ಮುಗಿಯಿತು, ಅದೂ ಗೊತ್ತು. ಆದರೆ ಆ ಅಪಾಯವನ್ನು ನಾನು ಕಣ್ಣು ಬಿಟ್ಟುಕೊಂಡು ತೆಗೆದುಕೊಂಡಿದ್ದೇನೆ.

ಮರಳಿ ಸಾಗರ

ಈಗ ನನ್ನ ಎದೆ ನಿಮಿಷಕ್ಕೆ ಎಪ್ಪತ್ತು. ಮಲಗಿದರೂ ಎಪ್ಪತ್ತು, ಮೆಟ್ಟಿಲು ಹತ್ತಿದರೂ ಎಪ್ಪತ್ತು. ಸಿಟ್ಟು ಬಂದರೂ ಎಪ್ಪತ್ತು, ಇದೊಂದು ನನಗೆ ಒಗ್ಗುತ್ತಿಲ್ಲ. ಮೊದಲು ಸಿಟ್ಟು ಬಂದರೆ ಎದೆ ಹೊಡೆದುಕೊಂಡು ಉಸಿರು ಕಟ್ಟಿ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಈಗ ಎಷ್ಟು ಕುದಿದರೂ ಉಸಿರು ನೆಟ್ಟಗಿರುತ್ತದೆ, ಮಾತು ಪೂರ್ತಿ ಹೊರಗೆ ಬರುತ್ತದೆ. ಮನೆಯವರಿಗೆ ಇದರಿಂದ ಅನುಕೂಲವಾಗಿಲ್ಲ.

ಹೆಸರು ಹೇಳಿದ ಸುದ್ದಿ ಇವರ ಕಾಗದದಲ್ಲಿ ಹೊಸನಗರಕ್ಕೆ ನನಗಿಂತ ಮೊದಲು ಮುಟ್ಟಿತ್ತು. ಅತ್ತೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು, ಆಮೇಲೆ ಮಗ ಚೆನ್ನಾಗಿ ಉಣ್ಣುತ್ತಿರುವುದನ್ನು ನೋಡಿ ಬಿಟ್ಟ ಮಾತನ್ನು ಎತ್ತಿಕೊಂಡರು.

ಮೊನ್ನೆ ಪಕ್ಕದ ಮನೆಯ ವಕೀಲರು ನೋಡಲು ಬಂದರು. ಕಾಫಿ ತಂದಿಟ್ಟು ಅವರೆದುರಿಗೇ ಕೂತೆ. ಅವರು ನಮ್ಮನೆಯವರ ಕಡೆ ತಿರುಗಿ, “ಹ್ಯಾಂಗಿದ್ದಾರೆ ಈಗ ಮನೆಯವ್ರು?” ಎಂದರು.

“ಅವ್ಳೇ ಇದ್ದಾಳಲ್ಲ, ಕೇಳಿ,” ಎಂದರು ಇವರು.

ವಕೀಲರು ತಮಾಷೆ ಎಂದುಕೊಂಡು ನಕ್ಕರು. ನನ್ನನ್ನು ಒಮ್ಮೆ ನೋಡಿ, ಮತ್ತೆ ಇವರ ಕಡೆಯೇ ತಿರುಗಿದರು. “ಅದಲ್ಲ ರಾಯ್ರೇ, ಆ ಬ್ಯಾಟರಿ ಎಷ್ಟು ವರ್ಷ ಬರ್ತದೆ?”

ಇವರು ಕಾಫಿ ಕುಡಿಯುತ್ತ ಕೂತರು.

“ಎರಡು ವರ್ಷ,” ಎಂದೆ. “ಆಮೇಲೆ ಹೊಸದು ಹಾಕ್ಬೇಕು. ಸಾಗರದಲ್ಲಿ ಹಾಕೋರಿಲ್ಲ, ತೀರ್ಥಹಳ್ಳಿಯಲ್ಲಿ ಇಲ್ಲ, ಶಿವಮೊಗ್ಗದಲ್ಲೂ ಇಲ್ಲ. ನೀವು ಕೋರ್ಟು ಕಚೇರಿ ಅಂತ ನಾಲ್ಕು ಊರು ತಿರುಗೋರು ವಕೀಲ್ರೇ. ಹತ್ತಿರದಲ್ಲಿ ಎಲ್ಲಾದ್ರೂ ಹಾಕ್ತಾರೆ ಅಂತ ಗೊತ್ತಾದ್ರೆ ಬಂದು ಹೇಳಿ. ಅವ್ರಿಗಲ್ಲ. ನಂಗೆ.”